ನ್ಯೂಜಿಲೆಂಡ್‌ನ ಎಂಐಕ್ಯೂ ವಿಮರ್ಶೆ: ಕಾರಿಡಾರ್‌ನಲ್ಲಿ ಕಲಿತದ್ದು, ಬುಕಿಂಗ್ ಕೌಂಟರ್‌ನಲ್ಲಿ ಕಲಿಯದೇ ಹೋದದ್ದು

ಕೋವಿಡ್ ಕಾಲದಲ್ಲಿ ನ್ಯೂಜಿಲೆಂಡ್ ಸರ್ಕಾರ ನಡೆಸಿದ ದೊಡ್ಡ ಸೇವೆಗಳಲ್ಲೊಂದು ಎಂಐಕ್ಯೂ, ಅಂದರೆ ‘ಮ್ಯಾನೇಜ್ಡ್ ಐಸೊಲೇಷನ್ ಅಂಡ್ ಕ್ವಾರಂಟೈನ್’. ವಿದೇಶದಿಂದ ಬಂದಿಳಿದ ಬಹುತೇಕ ಎಲ್ಲರನ್ನೂ ಸರ್ಕಾರದ ನಿಗಾದಲ್ಲಿರುವ ಹೋಟೆಲಿಗೆ ಕರೆದೊಯ್ದು, ಬಹುಕಾಲ 14 ದಿನದಂತೆ ಇರಿಸಿಕೊಂಡು, ಪರೀಕ್ಷಿಸಿ, ಸೋಂಕಿಲ್ಲವೆಂದು ಖಚಿತವಾದ ಮೇಲೆ ಊರಿಗೆ ಬಿಡುವ ವ್ಯವಸ್ಥೆ ಇದು. 2020ರ ಏಪ್ರಿಲ್‌ನಲ್ಲಿ ಶುರುವಾಗಿ 2022ರವರೆಗೆ ನಡೆಯಿತು. 2 ಲಕ್ಷಕ್ಕೂ ಹೆಚ್ಚು ಜನ ಇದರೊಳಗೆ ಹಾದುಹೋದರು. ಸಾಮಾನ್ಯ ಹೋಟೆಲಿನ ವಿಮರ್ಶೆಯಲ್ಲಿ ಊಟ, ಹಾಸಿಗೆ, ಸಿಬ್ಬಂದಿಯ ನಡವಳಿಕೆ ನೋಡುತ್ತೇವೆ. ಇಲ್ಲಿ ನೋಡಬೇಕಾದದ್ದು ಎರಡೇ. ಒಳಗಿದ್ದವರಿಂದ ಹೊರಗಿನ 50 ಲಕ್ಷ ಜನರತ್ತ ವೈರಸ್ ದಾಟಿತೇ? ಮತ್ತು ಮನೆಗೆ ಮರಳಬೇಕಾದ ನಾಗರಿಕನಿಗೆ ಬಾಗಿಲು ತೆರೆಯಿತೇ? ಮೊದಲನೆಯದರಲ್ಲಿ ಎಂಐಕ್ಯೂ ಜಗತ್ತಿನ ಅತ್ಯುತ್ತಮ ಸೇವೆಗಳಲ್ಲೊಂದು. ಎರಡನೆಯದರಲ್ಲಿ ಅದು ಸೋತಿತು, ಆ ಸೋಲನ್ನು ಖಂಡಿತ ತಪ್ಪಿಸಬಹುದಿತ್ತು.

ಮೊದಲು ‘ನಿರ್ಮೂಲನೆ’ ಎಂಬ ಮಾತಿನ ಅರ್ಥ ಸ್ಪಷ್ಟವಾಗಬೇಕು. ಸಿಡುಬಿನಂತೆ ಇಡೀ ಭೂಮಿಯಿಂದ ರೋಗವನ್ನು ಅಳಿಸಿಹಾಕುವುದು ಬೇರೆ. ಒಂದು ದೇಶದ ಗಡಿಯೊಳಗೆ ಸ್ಥಳೀಯ ಹರಡುವಿಕೆಯನ್ನು ಸೊನ್ನೆಗಿಳಿಸಿ, ಮತ್ತೆ ನುಸುಳಿದರೆ ಪ್ರತಿ ಸಲವೂ ಮತ್ತೆ ಸೊನ್ನೆಗೆ ತರುವುದು ಬೇರೆ. ಕೋವಿಡ್‌ನಲ್ಲಿ ಸರ್ಕಾರಗಳು ಕೈಹಾಕಿದ್ದು ಎರಡನೆಯದಕ್ಕೆ. ಅದಕ್ಕೆ ಲಾಕ್‌ಡೌನ್ ಒಂದೇ ಸಾಲದು. ದೋಣಿಯೊಳಗೆ ತುಂಬಿದ ನೀರನ್ನು ಮೊಗೆದು ಹಾಕುವುದು ಲಾಕ್‌ಡೌನ್, ತಳದ ತೂತು ಮುಚ್ಚುವುದು ಗಡಿಯ ಕ್ವಾರಂಟೈನ್. ತೂತು ಹಾಗೇ ಇದ್ದರೆ ಮೊಗೆಯುವುದಕ್ಕೆ ಕೊನೆಯೇ ಇರುವುದಿಲ್ಲ.

ಮೊಗೆಯುವ ಕೆಲಸ ಅಲ್ಲಿ ಚುರುಕಾಗಿಯೇ ನಡೆಯಿತು. ಮೊದಲ ಪ್ರಕರಣ 2020ರ ಫೆಬ್ರವರಿ 28ಕ್ಕೆ ಪತ್ತೆಯಾಯಿತು. ಮಾರ್ಚ್ 19ರ ರಾತ್ರಿ ವಿದೇಶಿಯರಿಗೆ ಗಡಿ ಮುಚ್ಚಿತು. ಮಾರ್ಚ್ 21ರಂದು ನಾಲ್ಕು ಹಂತಗಳ ಎಚ್ಚರಿಕೆ ವ್ಯವಸ್ಥೆಯನ್ನು ಜನರ ಮುಂದಿಟ್ಟರು. ಮಾರ್ಚ್ 23ರಂದು ಒಟ್ಟು 102 ಪ್ರಕರಣಗಳಿದ್ದವು, ಸಾವು ಒಂದೂ ಇರಲಿಲ್ಲ. ಅಂದೇ 3ನೇ ಹಂತ ಜಾರಿಯಾಯಿತು, ಎರಡು ದಿನ ಬಿಟ್ಟು 25ರ ರಾತ್ರಿ 4ನೇ ಹಂತ. ಸೂಪರ್‌ಮಾರ್ಕೆಟ್, ಔಷಧಿ ಅಂಗಡಿ, ಆಸ್ಪತ್ರೆ, ಪೆಟ್ರೋಲ್ ಬಂಕ್ ಬಿಟ್ಟರೆ ಉಳಿದದ್ದೆಲ್ಲ ಬಂದ್, ಪಾರ್ಸಲ್ ಊಟವೂ ಇಲ್ಲ. ಜೂನ್ 8ರಂದು ಸಕ್ರಿಯ ಪ್ರಕರಣ ಒಂದೂ ಉಳಿಯಲಿಲ್ಲ. ಅಷ್ಟರಲ್ಲಿ ಖಚಿತ ಮತ್ತು ಸಂಭಾವ್ಯ ಸೇರಿ 1,504 ಪ್ರಕರಣ, 22 ಸಾವು. ಹಂತಗಳ ಅರ್ಥವನ್ನು ಮೊದಲೇ ಹೇಳಿಟ್ಟದ್ದು ಒಳ್ಳೆಯ ಸೇವೆಯ ಲಕ್ಷಣ. ‘4ನೇ ಹಂತ’ ಎಂದ ಕೂಡಲೇ ಅಂಗಡಿಯವನಿಗೂ ಶಾಲೆಗೂ ನಾಳೆ ಬೆಳಿಗ್ಗೆ ಏನು ಮಾಡಬೇಕೆಂದು ಗೊತ್ತಿರುತ್ತಿತ್ತು.

ತೂತು ಮುಚ್ಚುವುದು ಎಷ್ಟು ಮುಖ್ಯ ಎಂಬುದಕ್ಕೆ ಆ ಮೊದಲ ಅಲೆಯ ವಂಶವಾಹಿ ವಿಶ್ಲೇಷಣೆಯೇ ಸಾಕ್ಷಿ. ಖಚಿತ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳ, ಅಂದರೆ 649 ಮಾದರಿಗಳ ಜೀನೋಮ್ (ವೈರಸ್ಸಿನ ಪೂರ್ತಿ ವಂಶವಾಹಿ ಬರಹ) ಓದಿದರು. ವೈರಸ್ ದೇಶದೊಳಗೆ ಬಂದದ್ದು ಒಂದೆರಡು ಸಲವಲ್ಲ, 277 ಬೇರೆಬೇರೆ ದಾರಿಗಳಲ್ಲಿ. ಅವುಗಳಲ್ಲಿ ಒಬ್ಬರಿಗಿಂತ ಹೆಚ್ಚು ಜನಕ್ಕೆ ಹರಡಿ ಸರಪಳಿ ಬೆಳೆಸಿದ್ದು ಶೇ. 19 ಮಾತ್ರ. ಅತಿದೊಡ್ಡ ಗುಂಪಿನಲ್ಲಿ ಒಬ್ಬನಿಂದ ಸರಾಸರಿ ಏಳು ಜನಕ್ಕೆ ಹರಡುತ್ತಿದ್ದದ್ದು ಲಾಕ್‌ಡೌನ್‌ನ ಮೊದಲ ವಾರದಲ್ಲಿ 0.2ಕ್ಕೆ ಇಳಿಯಿತು. ಹಾಗಾಗಿ ಗಡಿಯಲ್ಲಿ ನೂರಕ್ಕೆ ನೂರು ತಡೆಯದಿದ್ದರೂ, ನುಸುಳುವ ಸಂಖ್ಯೆ ಚಿಕ್ಕದಾಗಿದ್ದರೆ ಹೆಚ್ಚಿನ ಕಿಡಿಗಳು ತಾವಾಗಿಯೇ ಆರುತ್ತವೆ. ಉಳಿದವನ್ನು, ಸೋಂಕಿತರ ಸಂಪರ್ಕಕ್ಕೆ ಬಂದವರನ್ನು ಹುಡುಕುವ ಪತ್ತೆದಾರರು ಆರಿಸಬಹುದು.

ಇನ್ನು ಹೋಟೆಲಿನೊಳಗೆ ಹೋಗೋಣ. ಬಂದವರಿಗೆ 2020ರ ಜೂನ್‌ನಿಂದ ಎರಡು ಪರೀಕ್ಷೆ: 3ನೇ ದಿನ ಮತ್ತು 12ನೇ ದಿನ, ಎರಡೂ ಮೂಗಿನೊಳಗಿನ ದ್ರವದ ಪಿಸಿಆರ್. 2021ರ ಜನವರಿಯಲ್ಲಿ ಬಂದಿಳಿದ ದಿನದ ಪರೀಕ್ಷೆಯೂ ಸೇರಿತು. ಈ ದಿನಗಳ ಆಯ್ಕೆಗೆ ಕಾರಣವಿದೆ. ಸೋಂಕು ತಗುಲಿದ ಮೊದಲೆರಡು ದಿನ ವೈರಸ್ ಇನ್ನೂ ಅಷ್ಟು ಬೆಳೆದಿರುವುದಿಲ್ಲ, ಪರೀಕ್ಷೆ ನೆಗೆಟಿವ್ ತೋರಿಸುತ್ತದೆ. ವಿಮಾನ ಹತ್ತುವ ಹೊತ್ತಿಗೋ ವಿಮಾನದೊಳಗೋ ಸೋಂಕು ತಗುಲಿಸಿಕೊಂಡವರನ್ನು 3ನೇ ದಿನದ ಮಾದರಿ ಹಿಡಿಯಲು ಶುರುಮಾಡುತ್ತದೆ. 12ನೇ ದಿನದ ಮಾದರಿ ನಿಧಾನವಾಗಿ ಬೆಳೆಯುವವರಿಗಾಗಿ. ಅದರ ಫಲಿತಾಂಶ 14ಕ್ಕೆ ಮೊದಲು ಕೈಸೇರಬೇಕು. ಪಾಸಿಟಿವ್ ಬಂದವರನ್ನು ಅವರ ಜೊತೆಗಾರರ ಸಮೇತ ಬೇರೆ ಕ್ವಾರಂಟೈನ್ ಕಟ್ಟಡಕ್ಕೆ ಒಯ್ಯುತ್ತಿದ್ದರು, ಜೊತೆಗಾರರ ದಿನದ ಲೆಕ್ಕ ಅಲ್ಲಿಂದ ಹೊಸದಾಗಿ ಶುರು. 14 ದಿನ ಎಂಬುದು ಶಿಕ್ಷೆಯ ಅವಧಿಯಲ್ಲ, ವೈರಸ್ ಒಳಗೆ ಅಡಗಿ ಕೂರಬಲ್ಲ ಗರಿಷ್ಠ ಕಾಲ. ದಿನಗಳನ್ನು ಕಡಿಮೆ ಮಾಡಿ ಎಂಬ ಒತ್ತಡ ಬಂದಾಗಲೆಲ್ಲ ಅಧಿಕಾರಿಗಳು ಎದುರಿಸಿದ್ದು ಈ ಲೆಕ್ಕವನ್ನೇ.

ಹಾಗಾದರೆ ಸೋರಿದ್ದು ಎಲ್ಲಿ? ಮೊದಲ ಸೋರಿಕೆ ಕಾಗದದ ಮೇಲಿನದು. 2020ರ ಜೂನ್‌ನಲ್ಲಿ ಬ್ರಿಟನ್ನಿನಿಂದ ಬಂದ ಇಬ್ಬರಿಗೆ ಕುಟುಂಬದ ಸಾವಿನ ಕಾರಣಕ್ಕೆ ಮಾನವೀಯ ವಿನಾಯಿತಿ ಕೊಟ್ಟು, ಪರೀಕ್ಷೆಯನ್ನೇ ಮಾಡದೆ ಹೊರಗೆ ಬಿಟ್ಟರು. ಅವರು ಆಕ್ಲೆಂಡ್‌ನಿಂದ ವೆಲಿಂಗ್ಟನ್‌ವರೆಗೆ ಕಾರಿನಲ್ಲಿ ಹೋದ ಮೇಲೆ ಪಾಸಿಟಿವ್ ಬಂತು. 24 ದಿನ ಹೊಸ ಪ್ರಕರಣವೇ ಇಲ್ಲದ ದೇಶದಲ್ಲಿ ಅದು ದೊಡ್ಡ ಆಘಾತ. ಕೂಡಲೇ ಆ ವಿನಾಯಿತಿಗಳನ್ನು ನಿಲ್ಲಿಸಿ, ಇಡೀ ವ್ಯವಸ್ಥೆಯ ಮೇಲುಸ್ತುವಾರಿಯನ್ನು ಸೇನೆಯ ಹಿರಿಯ ಅಧಿಕಾರಿಗೆ ವಹಿಸಿದರು. ಅನುಕಂಪ ತಪ್ಪಲ್ಲ, ಪರೀಕ್ಷೆಯನ್ನು ಬಿಟ್ಟುಕೊಟ್ಟದ್ದು ತಪ್ಪು. ಎರಡನ್ನೂ ಒಟ್ಟಿಗೆ ಕೊಡುವುದಕ್ಕೆ ಯಾವ ಅಡ್ಡಿಯೂ ಇರಲಿಲ್ಲ.

ಎರಡನೆಯ ಸೋರಿಕೆಯನ್ನು ಹತ್ತಿರದಿಂದ ನೋಡಬೇಕು. 2020ರ ಸೆಪ್ಟೆಂಬರ್‌ನಲ್ಲಿ ಕ್ರೈಸ್ಟ್‌ಚರ್ಚ್‌ನ ಹೋಟೆಲಿನಲ್ಲಿ 14 ದಿನ ಮುಗಿಸಿ, ಎರಡೂ ಪರೀಕ್ಷೆಗಳಲ್ಲಿ ನೆಗೆಟಿವ್ ಬಂದು, ಮನೆ ಸೇರಿದ ವ್ಯಕ್ತಿಗೆ ಆಮೇಲೆ ಸೋಂಕಿನ ಲಕ್ಷಣ ಕಾಣಿಸಿಕೊಂಡಿತು. ಎಲ್ಲ ನಿಯಮ ಪಾಲಿಸಿದವನಿಗೆ ಇದು ಹೇಗೆ ಬಂತು? ಮೊದಲು ಅನುಮಾನ ಹೋದದ್ದು ಎಲ್ಲರೂ ಮುಟ್ಟುವ ಕಸದ ತೊಟ್ಟಿಯ ಮುಚ್ಚಳದ ಮೇಲೆ. ಜೀನೋಮ್ ಹೊಂದಿಸಿ ನೋಡಿದಾಗ ವೈರಸ್ ಪಕ್ಕದ ಕೋಣೆಯ ಅತಿಥಿಯದ್ದೆಂದು ತಿಳಿಯಿತು. ಇಬ್ಬರೂ ಮುಖಾಮುಖಿಯಾದದ್ದೇ ಇಲ್ಲ. ಸಿಸಿಟಿವಿ ನೋಡಿದರೆ, 12ನೇ ದಿನದ ಮಾದರಿ ಸಂಗ್ರಹಕ್ಕೆ ಸಿಬ್ಬಂದಿ ಕೋಣೆಯಿಂದ ಕೋಣೆಗೆ ಬರುತ್ತಿದ್ದಾರೆ. ಸೋಂಕಿತನ ಬಾಗಿಲು ತೆರೆದು, ಹೊಸ್ತಿಲಲ್ಲೇ ಮಾದರಿ ತೆಗೆದು, ಬಾಗಿಲು ಮುಚ್ಚುತ್ತಾರೆ. 50 ಸೆಕೆಂಡ್ ಕಳೆದು ಪಕ್ಕದ ಬಾಗಿಲು ತೆರೆಯುತ್ತದೆ. ಕಾರಿಡಾರ್‌ನಲ್ಲಿ ಕಿಟಕಿ ಇಲ್ಲ, ಗಾಳಿಯ ಓಡಾಟ ಇಲ್ಲ. ಆ 50 ಸೆಕೆಂಡ್ ಅಲ್ಲೇ ನಿಂತಿದ್ದ ಗಾಳಿಯೇ ಬಹುಶಃ ವೈರಸ್ಸನ್ನು ದಾಟಿಸಿತು. ಸೋಂಕನ್ನು ಹಿಡಿಯಬೇಕಿದ್ದ ಪರೀಕ್ಷೆಯ ಹೊತ್ತಿನಲ್ಲೇ ಸೋಂಕು ತಗುಲಿತು. ಅಂದೇ ತಗುಲಿದ್ದರಿಂದ ಅಂದಿನ ಮಾದರಿ ನೆಗೆಟಿವ್ ಬರುವುದು ಸಹಜ.

ಎಂಐಕ್ಯೂ ನನ್ನ ಗೌರವ ಗಳಿಸಿದ್ದು ಇಲ್ಲೇ. ತಪ್ಪನ್ನು ಅತಿಥಿಯ ಮೇಲೆ ಹೊರಿಸದೆ ಕಟ್ಟಡದ ಮೇಲೆ ಹೊರಿಸಿದರು. ಗಾಳಿ ವ್ಯವಸ್ಥೆಯ ತಪಾಸಣೆ ನಡೆಯಿತು. ಬಂದ ದಿನದ ಪರೀಕ್ಷೆ ಸೇರಿತು. ಮೂಗು ಬಾಯಿಗೆ ಬಿಗಿಯಾಗಿ ಕೂರುವ ಎನ್95 ಮಾದರಿಯ ಮಾಸ್ಕ್ ಬಳಕೆ ಹೆಚ್ಚಿತು. ಮುಂದೆ 2021ರಲ್ಲಿ ‘ತಂಡ ಪದ್ಧತಿ’ ಬಂತು. ಒಂದು ಹೋಟೆಲನ್ನು ನಾಲ್ಕು ದಿನದೊಳಗೆ ತುಂಬಿ ಬಾಗಿಲು ಹಾಕುವುದು, ಆ ತಂಡ ಹೊರಡುವವರೆಗೆ ಹೊಸಬರನ್ನು ಸೇರಿಸದಿರುವುದು. ನಾಳೆ ಮನೆಗೆ ಹೊರಟವನ ಪಕ್ಕದ ಕೋಣೆಗೆ ಇಂದು ಇಳಿದವನು ಬಂದರೆ, ಹೊರಟವನಿಗೆ ಹೊಸ ಸೋಂಕು ಅಂಟಬಹುದು, ಅದನ್ನು ಹಿಡಿಯಲು ಯಾವ ಪರೀಕ್ಷೆಯೂ ಉಳಿದಿರುವುದಿಲ್ಲ. ತಂಡ ಪದ್ಧತಿ ಈ ಅಪಾಯವನ್ನು ತೆಗೆಯಿತು. ಬೆಲೆ ತೆತ್ತದ್ದು ಕೋಣೆಗಳ ಲೆಕ್ಕದಲ್ಲಿ: ವಿಮಾನಗಳು ಹೊಂದಿಕೆಯಾಗದ ದಿನ ಕೋಣೆಗಳು ಖಾಲಿ ಉಳಿಯುತ್ತಿದ್ದವು. ಸುಮಾರು 4,000 ಕೋಣೆಗಳ ಸೇವೆಗೆ ಅದು ಸಣ್ಣ ನಷ್ಟವಲ್ಲ.

ಸಿಬ್ಬಂದಿಯೂ ಗೋಡೆಯ ಒಂದು ಇಟ್ಟಿಗೆಯೇ. ಅಲ್ಲಿ ಗಡಿ ಸಿಬ್ಬಂದಿಗೆ ನಿಯಮಿತ ಪರೀಕ್ಷೆ ಕಡ್ಡಾಯವಾಯಿತು, 2021ರ ಫೆಬ್ರವರಿ 20ರಂದು ಮೊದಲ ಲಸಿಕೆ ಅವರಿಗೇ ಸಿಕ್ಕಿತು. ಈ ಇಟ್ಟಿಗೆ ಸಡಿಲವಾದರೆ ಏನಾಗುತ್ತದೆ ಎಂಬುದನ್ನು ಪಕ್ಕದ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ ತೋರಿಸಿತು. ಮೆಲ್ಬರ್ನ್‌ನ ಕ್ವಾರಂಟೈನ್ ಹೋಟೆಲುಗಳ ಕಾವಲು ಖಾಸಗಿ ಗುತ್ತಿಗೆಯ ಮೇಲಿತ್ತು. ಎರಡು ಹೋಟೆಲುಗಳಿಂದ ಸೋಂಕು ಕಾವಲುಗಾರರ ಮೂಲಕ ಊರು ಸೇರಿತು. ರಾಜ್ಯದ ವಿಚಾರಣಾ ವರದಿಯ ಲೆಕ್ಕದಂತೆ ಸುಮಾರು 18,000 ಜನ ಸೋಂಕಿತರಾದರು, 768 ಜನ ಸತ್ತರು. ಊರಿಗೆ ನೂರು ದಿನ ದಾಟಿದ ಲಾಕ್‌ಡೌನ್. ಅದೇ ದೇಶದ ಡಾರ್ವಿನ್ ಬಳಿಯ ಹೋವರ್ಡ್ ಸ್ಪ್ರಿಂಗ್ಸ್ ಕೇಂದ್ರದಲ್ಲಿ ಹೋಟೆಲ್ ಕಾರಿಡಾರೇ ಇಲ್ಲ. ಬಿಡಿಬಿಡಿ ಕ್ಯಾಬಿನ್, ಪ್ರತಿ ಬಾಗಿಲೂ ತೆರೆದ ಜಗುಲಿಗೆ. ಬಾಗಿಲು ತೆರೆದರೆ ಗಾಳಿ ಆಕಾಶಕ್ಕೆ ಹೋಗುತ್ತದೆ, ಪಕ್ಕದ ಮನೆಗಲ್ಲ. ಮುಂದಿನ ಸಾಂಕ್ರಾಮಿಕಕ್ಕೆ ಯಾರೇ ಕ್ವಾರಂಟೈನ್ ಕಟ್ಟಡ ಕಟ್ಟಲಿ, ಅನುಸರಿಸಬೇಕಾದ ನಕ್ಷೆ ಇದೇ. ನಗರದ ಹೋಟೆಲು ತುರ್ತಿಗೆ ಸಿಕ್ಕ ಬದಲಿ ವಸ್ತು, ಅಷ್ಟೇ.

ಗೋಡೆ ದಾಟಿ ಬಂದ ವೈರಸ್ಸನ್ನು ಹಿಡಿಯುವುದು ಸಂಪರ್ಕ ಪತ್ತೆಯ ಕೆಲಸ. ಇಲ್ಲಿ ಗಡಿಯಾರವೇ ಎಲ್ಲ. ಒಂದು ಸರಳ ಲೆಕ್ಕ ಹಾಕೋಣ. ಸೋಂಕು ತಗುಲಿದ್ದು ಸೊನ್ನೆಯ ದಿನ. ಲಕ್ಷಣ 5ನೇ ದಿನ ಕಾಣುತ್ತದೆ, ಆದರೆ ಅದಕ್ಕೆ ಎರಡು ದಿನ ಮೊದಲೇ, 3ನೇ ದಿನದಿಂದಲೇ, ವ್ಯಕ್ತಿ ಹರಡಲು ಶುರುಮಾಡಿರುತ್ತಾನೆ. 5ರಂದೇ ಪರೀಕ್ಷೆಗೆ ಹೋದರೂ ಫಲಿತಾಂಶ 6ಕ್ಕೆ. 3ನೇ ದಿನ ಅವನಿಂದ ಸೋಂಕು ಪಡೆದವನು ಅದೇ 6ನೇ ದಿನ ತಾನೂ ಹರಡಲು ಸಿದ್ಧ. ಅಂದರೆ ಫಲಿತಾಂಶ ಬಂದ ದಿನವೇ ಫೋನ್ ಹೋಗಬೇಕು. ಒಂದು ದಿನ ತಡವಾದರೆ ಪತ್ತೆದಾರರು ವೈರಸ್ಸಿನ ಹಿಂದೆ ಓಡುತ್ತಾರೆಯೇ ಹೊರತು ಮುಂದೆ ಹೋಗಿ ಅಡ್ಡ ನಿಲ್ಲಲಾಗುವುದಿಲ್ಲ. 2020ರ ಏಪ್ರಿಲ್‌ನಲ್ಲಿ ಸಾಂಕ್ರಾಮಿಕ ರೋಗ ತಜ್ಞೆ ಆಯಿಶಾ ವೆರಲ್ ಈ ವ್ಯವಸ್ಥೆಯನ್ನು ತ್ವರಿತವಾಗಿ ಪರಿಶೀಲಿಸಿ, ಅದರ ಸಾಮರ್ಥ್ಯ ಸಾಲದೆಂದು ನೇರವಾಗಿ ಬರೆದರು. ಸರ್ಕಾರ ಆ ವರದಿಯನ್ನು ಬಚ್ಚಿಡದೆ ಪ್ರಕಟಿಸಿತು. ಅದೇ ತಜ್ಞೆ ಮುಂದೆ ಸಚಿವೆಯಾದರು.

ಅದರ ಜೊತೆಗಿದ್ದ ‘ಎನ್‌ಜೆಡ್ ಕೋವಿಡ್ ಟ್ರೇಸರ್’ ಆ್ಯಪ್ 2020ರ ಮೇ 20ರಂದು ಬಂತು. ಅಂಗಡಿ ಬಾಗಿಲಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಹೋದ ಜಾಗದ ದಿನಚರಿ ಫೋನಿನಲ್ಲೇ ಉಳಿಯುತ್ತಿತ್ತು, ಸರ್ಕಾರದ ಸರ್ವರ್‌ಗೆ ತಾನಾಗಿ ಹೋಗುತ್ತಿರಲಿಲ್ಲ. ಖಾಸಗಿತನದ ದೃಷ್ಟಿಯಿಂದ ಇದು ಒಳ್ಳೆಯ ವಿನ್ಯಾಸ. ದೌರ್ಬಲ್ಯ ಬೇರೆಡೆ ಇತ್ತು. ಸೋಂಕಿಲ್ಲದ ತಿಂಗಳುಗಳಲ್ಲಿ ಜನ ಸ್ಕ್ಯಾನ್ ಮಾಡುವುದನ್ನೇ ಮರೆತರು. ಕೋಡ್ ಹೇಳುವುದು ನೀವು ಯಾವ ಅಂಗಡಿಯಲ್ಲಿದ್ದಿರಿ ಎಂದು, ಯಾರ ಪಕ್ಕ ನಿಂತಿದ್ದಿರಿ ಎಂದಲ್ಲ. ಡಿಸೆಂಬರ್‌ನಲ್ಲಿ ಬ್ಲೂಟೂತ್ ಸೇರಿಸಿದ ಮೇಲೆ ಆ ಕೊರತೆ ಸ್ವಲ್ಪ ತುಂಬಿತು. ಆ್ಯಪ್ ಪತ್ತೆದಾರರ ಕೈಗೆ ಕೊಟ್ಟ ದೀಪ. ಅದನ್ನೇ ಪತ್ತೆದಾರನೆಂದು ತಿಳಿದ ದೇಶಗಳು ಮೋಸಹೋದವು.

ಹಣದ ಮಾತು ಚಿಕ್ಕದಾದರೂ ಬಿಡುವಂತಿಲ್ಲ. ಕೂಲಿ ತಪ್ಪುತ್ತದೆಂದರೆ ಯಾರೂ ಪರೀಕ್ಷೆಗೆ ಬರುವುದಿಲ್ಲ. ಮೊದಲ ಲಾಕ್‌ಡೌನ್‌ನಲ್ಲಿ ಪೂರ್ಣಾವಧಿ ಕೆಲಸಗಾರನಿಗೆ ವಾರಕ್ಕೆ 585.80 ನ್ಯೂಜಿಲೆಂಡ್ ಡಾಲರ್‌ನಂತೆ 12 ವಾರಗಳ ವೇತನ ಸಹಾಯವನ್ನು ಒಂದೇ ಕಂತಿನಲ್ಲಿ ಮಾಲೀಕರಿಗೆ ಕೊಟ್ಟರು. ಮೊದಲು ಪಾವತಿ, ಪರಿಶೀಲನೆ ಆಮೇಲೆ. ಅದೇ ಸರಿಯಾದ ಕ್ರಮ. ತೈವಾನ್ ಕ್ವಾರಂಟೈನ್‌ನಲ್ಲಿದ್ದವರಿಗೆ ದಿನಕ್ಕೆ 1,000 ತೈವಾನ್ ಡಾಲರ್ ಪರಿಹಾರ ಕೊಟ್ಟು, ನಿಯಮ ಮುರಿದರೆ ಭಾರೀ ದಂಡ ಹಾಕಿತು. ಎರಡೂ ಒಟ್ಟಿಗಿದ್ದದ್ದರಿಂದ ಪಾಲನೆ ಚೆನ್ನಾಗಿತ್ತು.

ಈಗ ಬುಕಿಂಗ್ ಕೌಂಟರ್. ಇಲ್ಲಿ ನನ್ನ ಮಾತು ಕಟುವಾಗಿಯೇ ಇರುತ್ತದೆ. 2020ರ ಅಕ್ಟೋಬರ್‌ನಿಂದ ಎಂಐಕ್ಯೂ ಕೋಣೆಯನ್ನು ಆನ್‌ಲೈನ್‌ನಲ್ಲಿ ಕಾದಿರಿಸಬೇಕಾಯಿತು, ನವೆಂಬರ್‌ನಿಂದ ಆ ಬುಕಿಂಗ್‌ನ ವೋಚರ್ ಇಲ್ಲದೆ ವಿಮಾನ ಹತ್ತುವಂತಿರಲಿಲ್ಲ. ಶುಲ್ಕ ತೆರಬೇಕಾದವರಿಗೆ ಕೋಣೆಯ ಮೊದಲ ವಯಸ್ಕನಿಗೆ 3,100 ಡಾಲರ್, ಜೊತೆಗಿರುವ ವಯಸ್ಕನಿಗೆ 950, ಮಗುವಿಗೆ 475. ಶುಲ್ಕವನ್ನು ಒಪ್ಪಬಹುದು. ಹಂಚಿಕೆಯ ರೀತಿಯನ್ನು ಒಪ್ಪಲಾಗದು. ಮೊದಲ ರೂಪದಲ್ಲಿ ಕೋಣೆ ಸಿಗುತ್ತಿದ್ದದ್ದು ಪುಟವನ್ನು ಹಗಲೂರಾತ್ರಿ ರಿಫ್ರೆಶ್ ಮಾಡಿದವರಿಗೆ. ಸ್ವಯಂಚಾಲಿತ ಸ್ಕ್ರಿಪ್ಟ್ ಓಡಿಸುವವರು, ದುಡ್ಡು ಪಡೆದು ಬುಕ್ ಮಾಡಿಕೊಡುವವರು ಹುಟ್ಟಿಕೊಂಡರು. 2021ರ ಸೆಪ್ಟೆಂಬರ್‌ನಲ್ಲಿ ಅದನ್ನು ಸರಿಪಡಿಸಲೆಂದು ‘ವರ್ಚುವಲ್ ಲಾಬಿ’ ತಂದರು. ನಿಗದಿತ ಸಮಯಕ್ಕೆ ಎಲ್ಲರೂ ಸೇರಬೇಕು, ಕಂಪ್ಯೂಟರ್ ಯಾದೃಚ್ಛಿಕವಾಗಿ ಸರದಿ ಹಂಚುತ್ತದೆ. ಮೊದಲ ದಿನ ಸುಮಾರು 3,200 ಕೋಣೆಗಳಿಗೆ 31,000ಕ್ಕೂ ಹೆಚ್ಚು ಜನ ಕಾದರು. ಸ್ಕ್ರಿಪ್ಟ್ ಓಡಿಸುವವರ ಆಟ ನಿಂತಿತು, ನಿಜ. ಆದರೆ ತುಂಬು ಗರ್ಭಿಣಿ, ಸಾವಿನಂಚಿನ ತಾಯಿಯನ್ನು ನೋಡಬೇಕಾದ ಮಗ, ರಜೆಗೆ ಹೊರಟವನು, ಮೂವರೂ ಒಂದೇ ಲಾಟರಿ ಡಬ್ಬಿಯಲ್ಲಿ. ತುರ್ತು ಹಂಚಿಕೆ ಎಂಬ ಪಕ್ಕದ ಬಾಗಿಲಿತ್ತು, ಅದರ ಷರತ್ತುಗಳು ಬಿಗಿ, ಕೋಣೆಗಳು ಕಡಿಮೆ.

ಸ್ವಂತ ದೇಶಕ್ಕೆ ಮರಳುವುದು ನಾಗರಿಕನ ಹಕ್ಕು. ಅಲ್ಲಿನ ಹಕ್ಕುಗಳ ಕಾಯ್ದೆಯಲ್ಲೇ ಅದು ಬರೆದಿದೆ. 2021ರ ಏಪ್ರಿಲ್ 11ರಿಂದ 28ರವರೆಗೆ ಭಾರತದಿಂದ ಬರುವ ತನ್ನ ನಾಗರಿಕರಿಗೂ ದೇಶ ಬಾಗಿಲು ಹಾಕಿತು. ಒಂದೇ ದಿನ ಗಡಿಯಲ್ಲಿ ಸಿಕ್ಕ 23 ಸೋಂಕಿತರಲ್ಲಿ 17 ಮಂದಿ ಭಾರತದಿಂದ ಬಂದವರಾಗಿದ್ದರು ಎಂಬುದು ಅದಕ್ಕೆ ಕಾರಣ. ಕ್ವಾರಂಟೈನ್ ಇರುವುದೇ ಸೋಂಕಿತರು ಬರುತ್ತಾರೆಂದು. ಬರುವವರನ್ನೇ ನಿಲ್ಲಿಸಿದರೆ ಸೇವೆ ತನ್ನ ಸಾಮರ್ಥ್ಯದ ಕೊರತೆಯನ್ನು ಗ್ರಾಹಕನ ತಲೆಗೆ ಕಟ್ಟಿದಂತೆ. 2022ರ ಏಪ್ರಿಲ್‌ನಲ್ಲಿ ಹೈಕೋರ್ಟ್, ಎಂಐಕ್ಯೂ ವ್ಯವಸ್ಥೆ ಸಮರ್ಥನೀಯವೇ, ಆದರೆ 2021ರ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗಿನ ಲಾಟರಿ ಹಂಚಿಕೆ ಜನರ ವೈಯಕ್ತಿಕ ಪರಿಸ್ಥಿತಿಯನ್ನು ಗಣನೆಗೆ ತೆಗೆದುಕೊಳ್ಳದೆ ಕೆಲವರ ಮರಳುವ ಹಕ್ಕಿಗೆ ಧಕ್ಕೆ ತಂದಿತು ಎಂದು ತೀರ್ಪು ನೀಡಿತು. ನನ್ನ ಮಟ್ಟಿಗೆ ಈ ಸೇವೆಯ ಬಗ್ಗೆ ಬಂದ ಅತ್ಯಂತ ನ್ಯಾಯವಾದ ವಿಮರ್ಶೆ ಆ ತೀರ್ಪೇ.

ನಿರ್ಮೂಲನೆ ಮುಗಿದದ್ದು ವೈರಸ್ಸಿನ ಡೆಲ್ಟಾ ತಳಿಯಿಂದ. 2021ರ ಆಗಸ್ಟ್ 17ರಂದು ಆಕ್ಲೆಂಡ್‌ನಲ್ಲಿ ಒಂದೇ ಒಂದು ಪ್ರಕರಣ ಸಿಕ್ಕಿದ ರಾತ್ರಿಯೇ ಇಡೀ ದೇಶ 4ನೇ ಹಂತಕ್ಕೆ ಹೋಯಿತು. ಸಿಡ್ನಿಯಿಂದ ಬಂದ ಪ್ರಯಾಣಿಕರೊಬ್ಬರ ವೈರಸ್ಸಿಗೆ ಅದರ ಜೀನೋಮ್ ಹೊಂದಿತು. ಅಷ್ಟು ವೇಗ ಹಿಂದಿನ ತಳಿಗೆ ಸಾಕಾಗಿತ್ತು. ಡೆಲ್ಟಾ ಒಬ್ಬರಿಂದ ಇನ್ನೊಬ್ಬರಿಗೆ ದಾಟುವ ಅಂತರವೇ ಕಿರಿದಾಗಿತ್ತು, ಮೇಲೆ ಹೇಳಿದ ಆರು ದಿನದ ಲೆಕ್ಕ ಕುಸಿಯಿತು. ಲಸಿಕೆಯ ಎರಡು ಡೋಸ್ ಆಗ ಐದರಲ್ಲಿ ಒಬ್ಬರಿಗಷ್ಟೇ ಆಗಿತ್ತು. ಅಕ್ಟೋಬರ್ 4ರಂದು ಆಗಿನ ಪ್ರಧಾನಿ ಜಸಿಂಡಾ ಆರ್ಡರ್ನ್ ನಿರ್ಮೂಲನೆಯನ್ನು ಕೈಬಿಡುವ ಹೊಸ ಹಾದಿ ಪ್ರಕಟಿಸಿದರು. ಡಿಸೆಂಬರ್ ಮಧ್ಯದ ಹೊತ್ತಿಗೆ 12 ವರ್ಷ ದಾಟಿದವರಲ್ಲಿ ಶೇ. 90 ಜನಕ್ಕೆ ಎರಡು ಡೋಸ್ ಮುಗಿಯಿತು. ವೈರಸ್ ಊರೆಲ್ಲ ಹರಡುವ ಮೊದಲು ಲಸಿಕೆ ತೋಳಿಗೆ ಬಿತ್ತು. ಈ ಅನುಕ್ರಮವನ್ನು ಸಾಧಿಸಿಕೊಟ್ಟದ್ದೇ ನಿರ್ಮೂಲನೆಯ ನಿಜವಾದ ಫಲ. 2020ರಲ್ಲಿ ಆ ದೇಶದ ಕೋವಿಡ್ ಸಾವು 25. ಚಳಿಗಾಲದ ಫ್ಲೂ ಜ್ವರವೂ ಆ ವರ್ಷ ಹೆಚ್ಚುಕಡಿಮೆ ಕಾಣಿಸಲೇ ಇಲ್ಲ.

ಚೀನಾದಲ್ಲಿ ಅನುಕ್ರಮ ತಪ್ಪಿತು. ಅಲ್ಲಿನ ಪತ್ತೆ ವ್ಯವಸ್ಥೆಯ ಶಕ್ತಿ ಬೆರಗು ಹುಟ್ಟಿಸುವಂಥದ್ದು: ಹತ್ತು ಜನರ ಮಾದರಿಯನ್ನು ಒಂದೇ ಕೊಳವೆಯಲ್ಲಿ ಸೇರಿಸಿ ಪರೀಕ್ಷಿಸುವುದು, ಪಾಸಿಟಿವ್ ಬಂದ ಕೊಳವೆಯವರನ್ನು ಮಾತ್ರ ಮತ್ತೆ ಒಬ್ಬೊಬ್ಬರಾಗಿ ನೋಡುವುದು. 2020ರ ಮೇ ತಿಂಗಳ ಮಧ್ಯದಿಂದ ಜೂನ್ 1ರೊಳಗೆ ವುಹಾನ್‌ನ ಸುಮಾರು ಒಂದು ಕೋಟಿ ಜನರನ್ನು ಪರೀಕ್ಷಿಸಿ ಲಕ್ಷಣವಿಲ್ಲದ 300 ಜನರನ್ನು ಹುಡುಕಿದರು. ಆದರೆ ಆ ಶಕ್ತಿಯೆಲ್ಲ ಪರೀಕ್ಷೆಗೇ ಹೋಗಿ, ಮುದುಕರ ಲಸಿಕೆ ಹಿಂದೆ ಬಿತ್ತು. 2022ರ ನವೆಂಬರ್‌ನಲ್ಲಿ 80 ದಾಟಿದವರಲ್ಲಿ ಮೂರನೇ ಡೋಸ್ ಪಡೆದವರು ಶೇ. 40ರಷ್ಟು ಮಾತ್ರ. ಡಿಸೆಂಬರ್ 7ಕ್ಕೆ ನಿರ್ಬಂಧಗಳು ಏಕಾಏಕಿ ಸಡಿಲವಾದವು, ಅದೂ ಚಳಿಗಾಲದ ಬಾಯಲ್ಲಿ.

ಇಂಥ ಸೇವೆಯನ್ನು ಇನ್ನೊಂದು ಸರ್ಕಾರ ತರಬೇಕೆಂದಿದ್ದರೆ, ನೆಲಗಡಿ ಇಲ್ಲದ ಅಥವಾ ಗಡಿಯನ್ನು ನಿಜವಾಗಿ ಮುಚ್ಚಬಲ್ಲ ಜಾಗ ಬೇಕು. ಹರಡುವ ಮೊದಲು ಕನಿಷ್ಠ ಎರಡು ಮೂರು ದಿನ ಸುಮ್ಮನಿರುವ ವೈರಸ್ ಬೇಕು. ಒಮಿಕ್ರಾನ್‌ನಂಥ ತಳಿ ಊರೊಳಗೆ ಹರಡಿದ ಮೇಲೆ ಗಡಿಯ ಹೋಟೆಲಿಗೆ ಅರ್ಥವಿಲ್ಲ. ಬುಕಿಂಗ್ ಕೌಂಟರನ್ನಂತೂ ಮೊದಲ ದಿನದಿಂದಲೇ ಬೇರೆ ಥರ ಕಟ್ಟಬೇಕು. ಅರ್ಜಿಯಲ್ಲೇ ಕಾರಣ ಕೇಳಿ: ವೀಸಾ ಮುಗಿಯುವ ದಿನ, ಹೆರಿಗೆಯ ದಿನ, ರೋಗಿಯ ಸ್ಥಿತಿ, ಎಷ್ಟು ತಿಂಗಳಿಂದ ಕಾಯುತ್ತಿದ್ದಾರೆ. ಪ್ರತಿಯೊಂದಕ್ಕೂ ಅಂಕ ಕೊಟ್ಟು, ಸಿಗದೇ ಹೋದ ಪ್ರತಿ ಸುತ್ತಿಗೂ ಅಂಕ ಏರಿಸಿ. ಪ್ರತಿ ಹಂಚಿಕೆಯ ಸುಮಾರು ಮೂರರಲ್ಲೊಂದು ಪಾಲನ್ನು ಹೆಚ್ಚು ಅಂಕದವರಿಗೆ ಮೀಸಲಿಟ್ಟು ಉಳಿದದ್ದಕ್ಕೆ ಲಾಟರಿ ಎತ್ತಿ. ಸರದಿಯಲ್ಲಿ ತನ್ನ ಸಂಖ್ಯೆ ಎಷ್ಟು, ಮುಂದಿನ ಸುತ್ತು ಯಾವ ದಿನ ಎಂಬುದು ಕಾಯುವವನಿಗೆ ಪರದೆಯ ಮೇಲೆ ಕಾಣಲಿ. ತಿರಸ್ಕರಿಸಿದ ಅರ್ಜಿಗೆ ಕಾರಣ ಬರಹದಲ್ಲಿ ಹೋಗಲಿ, ಅದನ್ನು ಮರುಪರಿಶೀಲಿಸುವ ಅಧಿಕಾರಿಯ ಫೋನ್ ನಂಬರ್ ಆ ಪತ್ರದಲ್ಲೇ ಇರಲಿ.